ತಬಿತಾ ಮಾಡಿಸಿದ ರಾಜಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ತಬಿತಾ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದಳು. ಹತ್ತಿರದ ಹಳ್ಳಿ ಅಂತೂರ ಬೆಂತೂರದ ಅರ್ಧಕ್ಕರ್ಧ ಮಕ್ಕಳು ಅವಳ ಕೈಯಲ್ಲೇ ಕಣ್ಣು ಬಿಟ್ಟಿದ್ದವು. ಹೀಗಾಗಿ ಅಲ್ಲಿ ಯಾರ ಅಡಿಗೆಮನೆಗೂ ಅವಳಿಗೆ ತಡೆಯಿರಲಿಲ್ಲ. ನಿವೃತ್ತಿಯಾದ ಮೇಲೆ ಜಗಳ ಬಿಡಿಸುವುದೇ ಅವಳ ಕೆಲಸವಾಯಿತು. ಮುರಿದವರನ್ನು ಕೂಡಿಸುವುದು ಕ್ರಿಸ್ತನ ಸೇವೆ ಎಂದು ಅವಳಪ್ಪ ಮಗ್ಗದಲ್ಲಿ ಕೂತು ಹೇಳುತ್ತಿದ್ದ. ಅವಳು ಅದನ್ನು ನಂಬಿದಳು, ನಂಬಿದಂತೆ ನಡೆದಳು.

ಅವಳ ರಾಜಿಗೆ ಒಂದು ಪದ್ಧತಿಯಿತ್ತು. ಎರಡೂ ಕಡೆಯ ಮಾತು ಮುಗಿದ ಮೇಲೆ ರೊಟ್ಟಿ, ಪುಂಡಿಪಲ್ಲೆ ಮಾಡಿ, ಜಗಳವಾಡಿದ ಇಬ್ಬರನ್ನೂ ಒಂದೇ ತಾಟಿಗೆ ಕೂಡಿಸುವುದು. ಉಂಡರೆ ಒಪ್ಪಿದಂತೆ. ಹೊಲದ ಒಡ್ಡಿನ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟ ಜಗಳ, ಎಷ್ಟೋ ಹೀಗೆ ತೀರಿದ್ದವು.

ಮಂಜುಳಾ ಅಂತೂರ ಬೆಂತೂರದ ಹೊನ್ನೇಶನ ಹೆಂಡತಿ. ಮದುವೆಯಾಗಿ ಎರಡು ವರ್ಷ. ಮೊದಲ ಸಲ ಅವಳು ಬೆನ್ನ ಮೇಲೆ ಬಾರುಕೋಲಿನ ಬರೆ ಹೊತ್ತು ಬೆಟಗೇರಿಗೆ ಬಂದಾಗ ತಬಿತಾ ಮುಲಾಮು ಹಚ್ಚಿದಳು, ಹೊನ್ನೇಶನನ್ನು ಕರೆಸಿ ಬೈದಳು, ಇಬ್ಬರನ್ನೂ ತಾಟಿಗೆ ಕೂಡಿಸಿದಳು. ಮಂಜುಳಾ ಉಂಡಳು. ಎರಡನೆಯ ಸಲ ತುಟಿ ಹರಿದಿತ್ತು. ಆಗಲೂ ಉಂಡಳು. ಗಾಯಕ್ಕೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ಹುಡುಗಿಯ ಮನಸ್ಸು ಕರಗಿತು ಎಂದುಕೊಂಡಳು ತಬಿತಾ.

ಮೂರನೆಯ ಸಲ ಮಂಜುಳಾ ಬರಲಿಲ್ಲ, ಗದಗಿನ ದವಾಖಾನೆಯಿಂದ ಖಬರ ಬಂತು. ಎಡಗೈ ಎರಡು ಕಡೆ ಮುರಿದಿತ್ತು. ಹೊಟ್ಟೆಯಲ್ಲಿದ್ದ ಆರು ತಿಂಗಳ ಕೂಸು ಸತ್ತಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವಳು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಅತ್ತೆ ಹುಚ್ಚವ್ವ, ಮಂಜುಳಾಳ ಅಪ್ಪ ಮುದಕಪ್ಪ ಅಕ್ಕಪಕ್ಕ ಕೂತಿದ್ದರು.

"ಬರ್ರಿ ಅಕ್ಕಾರ, ನಿಮ್ಮ ಹಾದೀನ ಕಾಯಾಕತ್ತಿದ್ವಿ," ಎಂದಳು ಹುಚ್ಚವ್ವ. "ಹುಡುಗ ಸಿಟ್ಟಿನ್ಯಾಗ ಒಂದೇಟ ಹಾಕ್ಯಾನ, ಖರೆ. ನೀವು ಒಂದ ಮಾತ ಹೇಳ್ರಿ, ಇಲ್ಲಿಂದ ಸೀದಾ ಮನಿಗೆ ಕರಕೊಂಡ ಹೋಗ್ತೇವಿ."

"ಒಂದೇಟಿಗೆ ಕೈ ಎರಡ ಕಡೆ ಮುರಿತೈತೇನು?"

"ಹಿಂದ ಎರಡ ಸಲ ನೀವ ಕಳಿಸೀರಿ. ಆವಾಗ ಬೆನ್ನ ಮ್ಯಾಲಿನ ಬರಿ ಎಣಿಸಿರಲಿಲ್ಲಲ್ಲ."

ಮುದಕಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಸಣ್ಣಾಕಿ ಮದುವಿ ಐತ್ರಿ ಅಕ್ಕಾರ. ಇಕಿ ತವರಿಗೆ ಬಂದ ಕುಂತ್ರ ಬೀಗರು ಏನ ಅಂದಾರು? ನೀವು ಹೋಗು ಅಂದ್ರ ಹೋಗ್ತಾಳ."

ತಬಿತಾ ಒಳಗೆ ಹೋದಳು. ಮಂಜುಳಾ ಸೂರು ನೋಡುತ್ತ ಮಲಗಿದ್ದಳು.

"ತಿರುಗಿ ಮನಿಗೆ ಹೋಗ್ತೀಯೇನವಾ?"

"ನೀವು ಹೋಗಂದ್ರ ಹೋಗ್ತೇನ್ರಿ."

"ನನ್ನ ಮಾತ ಬಿಡು. ನಿನಗ ಹೋಗೂದೈತೇನು?"

ಮಂಜುಳಾ ಈಗ ತಲೆ ಹೊರಳಿಸಿದಳು. "ಆವಾಗ ಇದನ್ನ ಕೇಳಲಿಲ್ರಿ ನೀವು. ತಾಟ ತಂದ ಮುಂದ ಇಟ್ರಿ. ನಾ ಎರಡ ದಿನದಿಂದ ಉಂಡಿರಲಿಲ್ಲ. ಹಸಿವಾಗಿತ್ತು, ಉಂಡೆ."

ತಬಿತಾ ಮಂಚದ ಕಬ್ಬಿಣ ಹಿಡಿದು ನಿಂತಳು. ದಿನಾ ಬೆಳಿಗ್ಗೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವಳು ಅವಳು. ಈ ಹುಡುಗಿಯ ಹೆಸರು ಹೇಳಿ, ಸಮಾಧಾನವಾಯಿತೆಂದು ದೇವರಿಗೆ ಸ್ತೋತ್ರವನ್ನೂ ಹೇಳಿದ್ದಳು.

"ನಾ ಕಂಡದ್ದನ್ನ ಪೊಲೀಸರಿಗೆ ಹೇಳಲೇನು?" ಎಂದು ಕೇಳಿದಳು.

"ನನಗ ಹೆದರಿಕಿ ಐತ್ರಿ, ನಾ ಹೇಳಾಂಗಿಲ್ಲ. ನೀವು ಹೇಳೂದಿದ್ರ ಹೇಳ್ರಿ."

ಹವಾಲ್ದಾರ ಮರ್ದಾನಸಾಬ ಹೊರಗೆ ಚಹಾ ಕುಡಿಯುತ್ತಿದ್ದ. ತಬಿತಾ ಅವನೆದುರು ನಿಂತಳು. "ಬರಕೋರಿ. ಬಾರಕೋಲಿನ ಬರಿ ನೋಡೇನಿ, ಹರದ ತುಟಿ ನೋಡೇನಿ. ನೋಡಿ ಸುದ್ದಾ ನಾನ ಆಕಿನ್ನ ತಿರುಗಿ ಕಳಿಸೇನಿ. ಅದನ್ನೂ ಬರಕೋರಿ."

"ಅದ್ಯಾಕ್ರಿ ಅಕ್ಕಾರ? ಅದನ್ನ ಬರದ್ರ ಅವರ ವಕೀಲ ನಿಮ್ಮನ್ನ ಬಿಡೂದಿಲ್ಲ."

"ಬಿಡಬಾರದು. ಬರಕೋರಿ."

ಹುಚ್ಚವ್ವ ಎದ್ದು ಬಂದಳು. ಅವಳ ಮಾತಿನಲ್ಲಿ ಮರ್ಯಾದೆ ಉಳಿದಿರಲಿಲ್ಲ. "ಸಮಾಧಾನ ಮಾಡಾಕಿ ಅಂತ ಮನಿಯೊಳಗ ಬಿಟ್ಟುಕೊಂಡ್ವಿ. ಮನೀನ ಮುರದಿ."

ತಬಿತಾ ಹವಾಲ್ದಾರನ ಪೆನ್ನು ತೆಗೆದುಕೊಂಡಳು. ಹೇಳಿಕೆಯ ಕೆಳಗೆ ಸಹಿ ಮಾಡಿದಳು.

ಹೊನ್ನೇಶ ಜೈಲಿಗೆ ಹೋದ, ತಿಂಗಳೊಪ್ಪತ್ತಿನಲ್ಲಿ ಜಾಮೀನಿನ ಮೇಲೆ ಹೊರಬಂದ. ಮುದಕಪ್ಪ ಮಗಳನ್ನು ಕರೆದೊಯ್ಯಲಿಲ್ಲ. ತಬಿತಾ ತನ್ನ ಮನೆಗೆ ಕರೆದಳು, ಮಂಜುಳಾ ಬರಲಿಲ್ಲ. ಗದಗಿನಲ್ಲೇ ಹೆಣ್ಣುಮಕ್ಕಳ ವಸತಿಗೃಹ ಸೇರಿ, ಸರಿಯಾಗಿ ಮಡಚಲಾಗದ ಎಡಗೈಯಲ್ಲೇ ಹೊಲಿಗೆ ಕಲಿತಳು. ಒಂದು ದಿನ ತಬಿತಾ ಅಲ್ಲಿಗೆ ಹೋಗಿ ಕ್ಷಮೆ ಕೇಳಿದಳು. "ಈಗ ಬ್ಯಾಡ್ರಿ," ಎಂದಳು ಮಂಜುಳಾ, ಮಶೀನಿನಿಂದ ಕಣ್ಣೆತ್ತದೆ. ಅಂತೂರ ಬೆಂತೂರದಲ್ಲಿ ಆ ಮೇಲೆ ಯಾವ ಜಗಳಕ್ಕೂ ತಬಿತಾಳನ್ನು ಯಾರೂ ಕರೆಯಲಿಲ್ಲ. ಚರ್ಚಿನಲ್ಲೂ ಕೆಲವರು, ಕೋರ್ಟು ಕಚೇರಿ ನಮಗೇಕೆ ಬೇಕಿತ್ತು ಎಂದರು.

ಕೋರ್ಟಿನಲ್ಲಿ ಸಾಕ್ಷಿಯ ದಿನ ಹೊನ್ನೇಶನ ವಕೀಲ ಮೆತ್ತಗೆ ಕೇಳಿದ: "ಎರಡೂ ಸಲ ಆಕೆ ಒಪ್ಪಿಯೇ ಗಂಡನ ಮನೆಗೆ ಹೋದಳು. ನಿಮ್ಮೆದುರೇ ಗಂಡನ ಜೊತೆ ಕೂತು ಊಟವನ್ನೂ ಮಾಡಿದಳು. ಹೌದೋ ಅಲ್ಲವೋ?"

"ಊಟ ಮಾಡಿದ್ದು ಹೌದು," ಎಂದಳು ತಬಿತಾ. "ಒಪ್ಪಿದಳೋ ಇಲ್ಲವೋ ನಾನು ಕೇಳಲಿಲ್ಲ."

ಮುಂದಿನ ಸರದಿ ಮಂಜುಳಾಳದಾಗಿತ್ತು. ಅವಳು ತಬಿತಾಳನ್ನು ದಾಟಿ ಕಟಕಟೆಗೆ ಹೋಗಿ ನಿಂತಳು. ಬಚ್ಚಲಲ್ಲಿ ಜಾರಿ ಬಿದ್ದಿರಾ ಎಂದು ಕೇಳಿದಾಗ, ಇಲ್ಲ ಎಂದಳು.