ಫೋನಿನೊಳಗೆ ಏನೈತಿ ಎಂದು ಕೇಳಿದವನು

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ನಿದ್ದೆಯ ನಾಟಕ ಆಡುವವರನ್ನೂ ಅಲುಗಾಡಿಸಿ ಎಬ್ಬಿಸಿದವನು. ನಮ್ಮ ಸಾಹೇಬರೊಬ್ಬರು ಫೋನಿನಲ್ಲಿ ಒಂದು ಹೇಳಿ ಮರುದಿನ "ನಾ ಎಲ್ಲಿ ಅಂದೀನಿ?" ಅನ್ನುತ್ತಿದ್ದರು. ಹಾಗಾಗಿ ಎಲ್ಲ ಕರೆಗಳನ್ನೂ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುವ ಆ್ಯಪ್ ಒಂದನ್ನು ಹಾಕಿಸಿಕೊಂಡಿದ್ದೆ.

ಸಾಹೇಬರ ಜೊತೆಗೆ ನನ್ನ ಹೆಂಡತಿಯೂ ಅದರಲ್ಲಿ ಸೇರಿಹೋದಳು. ಹೊಸಪೇಟೆಯಿಂದ ಕೊಪ್ಪಳಕ್ಕೆ ಬರುವಾಗ ದಿನಾ ಅವಳ ಫೋನು: "ಹುಲಿಗಿ ದಾಟಿದ್ರೇನು? ಹಂಚು ಇಡ್ಲ್ಯಾ?" ಹ್ಞೂಂ ಅಂದರೆ ರೊಟ್ಟಿ ತಟ್ಟಲು ಕೂರುತ್ತಿದ್ದಳು. ಅವಳು ತೀರಿಕೊಳ್ಳುವ ಹೊತ್ತಿಗೆ ಆ ಫೋನು ಹಳೆಯದಾಗಿ, ಆ್ಯಪ್ ತೆರೆಯುವುದನ್ನೇ ಬಿಟ್ಟಿತ್ತು. ಅವಳ ದನಿ ಬೇರೆಲ್ಲೂ ಇರಲಿಲ್ಲ.

ಕುಷ್ಟಗಿಯಲ್ಲಿರುವ ಮಗಳು ಯಾರನ್ನೋ ವಿಚಾರಿಸಿ ಹೇಳಿದಳು: "ಅಪ್ಪಾ, ಫೋನ್ ರೂಟ್ ಮಾಡಿಸಿದ್ರ ಒಳಗಿಂದು ಹೊರಗ ತಗೀಬಹುದಂತ. ಅವ್ವನ ದನಿ ಒಮ್ಮೆರ ಕೇಳಬೇಕು." ರೂಟ್ ಅಂದರೆ, ಕಂಪನಿ ನಮಗೇ ಸಿಗದಂತೆ ಬೀಗ ಹಾಕಿಟ್ಟ ಕೋಣೆಗೂ ನಾವೇ ಯಜಮಾನರಾಗುವುದಂತೆ.

ಕೊಪ್ಪಳದಲ್ಲಿ ಗುರುತಿನವರ ಕೈಗೆ ಕೊಟ್ಟರೆ ಗಂಡ ಹೆಂಡಿರ ಮಾತು ಸಂತೆಯ ಮಾತಾದೀತು ಎಂದು ಗಂಗಾವತಿಗೆ ಹೋದೆ. ಮೊಬೈಲ್ ಅಂಗಡಿಯವನು ನನ್ನ ವಯಸ್ಸಿನವನೇ. ರೂಟ್ ಮಾಡಿಕೊಡು ಅಂದೆ, ಯಾಕೆಂದು ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಇಳಿಸಿಕೊಳ್ಳುತ್ತ, "ಈ ಸಾಫ್ಟ್‌ವೇರಿನ ಕೋಡ್ ಎಲ್ಲಾರಿಗೂ ತೆರೆದಿಟ್ಟಾರ್ರಿ. ಯಾರರ ಓದಬಹುದು, ಪುಕ್ಕಟೆ" ಅಂದ.

ಥೂ! ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವವರನ್ನು ಕಂಡಿದ್ದೇನೆ, ಪುಕ್ಕಟೆ ಕೊಡುವವನನ್ನು ಕಂಡಿಲ್ಲ. ಸ್ಟೂಲನ್ನು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಎಳೆದುಕೊಂಡೆ.

"ಒಳಗ ಬೇಕಾದ್ದು ಏನರ ಐತೇನ್ರಿ?" ಅಂದ.

ನೋಡು ಮಗನ, ಈಗ ಬಂದ ದಾರಿಗೆ, ಅಂದುಕೊಂಡೆ. ಚೀಲದಲ್ಲಿ ಏನಿದೆ ಎಂದು ಪಕ್ಕದವನು ಕೇಳಿದರೆ ಜಾಣರು ಏನು ಹೇಳುತ್ತಾರೋ ಅದನ್ನೇ ಹೇಳಿದೆ: "ಏನೂ ಇಲ್ಲ."

"ಖರೇನ್ರಿ?"

"ಇಲ್ಲಂದ್ನೆಲ್ಲೋ ಮಾರಾಯಾ! ನಿನಗ್ಯಾಕ ಬೇಕು ಉಸಾಬರಿ?"

ಅವನು ತಲೆಯಾಡಿಸಿ ಕೇಬಲ್ ಚುಚ್ಚಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಬರಹ ಬಂತು. ಅವನ ಕೈ ಮುಂದೆ ಬರುವಷ್ಟರಲ್ಲಿ, "ನನ್ನ ಫೋನು, ನಾನ ಒತ್ತತೀನಿ" ಎಂದು ಕಸಿದುಕೊಂಡೆ. ಅವನು ತೋರಿಸಿದ ಗುಂಡಿ ಒತ್ತಿದೆ. ಫೋನು ಕಪ್ಪಾಗಿ, ಮತ್ತೆ ಬೆಳಗಿ, ಅಂಗಡಿಯಿಂದ ಆಗಷ್ಟೇ ತಂದದ್ದರಂತೆ ಯಾವ ಭಾಷೆ ಬೇಕು ಎಂದು ಕೇಳಿತು.

"ರೆಕಾರ್ಡಿಂಗ್ ಎಲ್ಲಿ?" ಅಂದೆ.

"ಯಾವ ರೆಕಾರ್ಡಿಂಗ್ರಿ? ಬೀಗ ತಗದ್ರ ಎಲ್ಲಾ ಅಳಿಸಿ ಹೋಗತೈತಿ. ಅದಕ್ಕ ಎರಡು ಸಲ ಕೇಳಿದ್ನೆಲ್ರಿ."

ಬಾಯಿ ತುಂಬ ಬೈದೆ. ಕಳ್ಳ ಅಂದೆ, ಅದಕ್ಕಿಂತ ಕೆಟ್ಟದ್ದೂ ಅಂದೆ. ಅವನು ಒಂದು ಲೋಟ ನೀರು ತಂದಿಟ್ಟ. ಕುಡಿಯಲು ನಾಚಿಕೆಯಾಯಿತು.

ಬಸ್ ನಿಲ್ದಾಣಕ್ಕೆ ಬಂದು ಇನ್ನೊಂದು ಫೋನಿನಿಂದ ಮಗಳಿಗೆ ಹೇಳಿದೆ. ಅವಳು ಸಿಟ್ಟಿಗೆದ್ದು, "ಅಂವ ಮೊದಲ ಕೇಳಬೇಕಿತ್ತಿಲ್ಲಪ್ಪ, ಒಳಗ ಏನೈತಿ ಅಂತ?" ಅಂದಳು.

"ಕೇಳಿದ್ದನವ್ವಾ."

"ಮತ್ತ ನೀ ಏನಂದಿ?"