ಎರಡೂ ಒಟ್ಟಿಗೆ ಸಿಗಬೇಕಿತ್ತು

ನನ್ನ ತಂಗಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಇತ್ತು. ಎದೆಯೊಳಗಿನ ಕಫ ಅಂಟಿನ ಹಾಗೆ ಗಟ್ಟಿಯಾಗುವ ಕಾಯಿಲೆ. ದಾವಣಗೆರೆಯಲ್ಲಿ ವರ್ಷಗಟ್ಟಲೆ ಅದನ್ನು ಟಿಬಿ ಎಂದುಕೊಂಡು ಮಾತ್ರೆ ನುಂಗಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಅವಳನ್ನು ಕರೆದುಕೊಂಡು ಎಲೆಕ್ಟ್ರಾನಿಕ್ ಸಿಟಿಯ ನನ್ನ ಬಾಡಿಗೆ ಮನೆಗೆ ಬಂದಳು. ಕಫ ಸಡಿಲವಾಗಲೆಂದು ದಿನಾ ಬೆಳಿಗ್ಗೆ ಅವಳನ್ನು ಬೋರಲು ಮಲಗಿಸಿ ಬೆನ್ನು ತಟ್ಟುತ್ತಿದ್ದಳು. ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು, ಹುಡುಗಿಯನ್ನು ಯಾಕೆ ಹೊಡೆಯುತ್ತೀರಿ ಎಂದು ಕೇಳಿದ್ದರು.

ಅವಳಿಗೆ ಇಪ್ಪತ್ತೆರಡಾಗುವಷ್ಟರಲ್ಲಿ ಶ್ವಾಸಕೋಶ ಕೈಕೊಟ್ಟಿತು. ಅದೇ ಕಾಯಿಲೆ ಲಿವರನ್ನೂ ಕೆಡಿಸಿತ್ತು. ಶ್ವಾಸಕೋಶ ಒಂದನ್ನೇ ಕಸಿ ಮಾಡಿದರೆ ಆ ಲಿವರ್ ಆಪರೇಷನ್ ತಾಳುವುದಿಲ್ಲ, ಒಬ್ಬರೇ ದಾನಿಯಿಂದ ಎರಡೂ ಒಟ್ಟಿಗೆ ಸಿಗಬೇಕು ಎಂದರು ಡಾಕ್ಟರು. ಕಸಿಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯತೊಡಗಿದೆವು. ಲಿಂಗಪೂಜೆಗೆ ಕೂತಿದ್ದ ಅವ್ವ ಒಂದು ದಿನ ನಡುವೆಯೇ ಎದ್ದು ಅಡುಗೆಮನೆಗೆ ಬಂದಳು.

"ಏನಂತ ಬೇಡ್ಕೊಳ್ಲಿ? ಯಾರ ಮನಿ ಮಗು ಸಾಯ್ಲಿ ಅಂತ ಬೇಡ್ಲಿ?"

ಒಂದು ಭಾನುವಾರ ಮಧ್ಯಾಹ್ನ, ದಾನಿ ಸಿಕ್ಕಿದ್ದಾರೆಂದು ಫೋನ್ ಬಂತು. ಆಸ್ಪತ್ರೆಯಲ್ಲಿ ತಂಗಿಗೆ ಗೌನು ತೊಡಿಸಿ, ಆಪರೇಷನ್‌ಗೆ ತಯಾರು ಮಾಡಿ ಮಲಗಿಸಿದರು. ಕತ್ತಲಾಗುವ ಹೊತ್ತಿಗೆ ಡಾಕ್ಟರು ಬಂದು, ದಾನಿಯ ಶ್ವಾಸಕೋಶವೇನೋ ಚೆನ್ನಾಗಿದೆ, ಲಿವರಿನಲ್ಲಿ ಕೊಬ್ಬು ತುಂಬಿದೆ, ಬಳಸುವ ಹಾಗಿಲ್ಲ ಎಂದರು.

"ಬರೀ ಶ್ವಾಸಕೋಶನಾದ್ರೂ ಹಾಕಿ ಡಾಕ್ಟ್ರೇ," ಎಂದಳು ತಂಗಿ. "ಆಮೇಲಿಂದು ಆಮೇಲೆ."

"ಹಾಗೆ ಹಾಕಿದ್ರೆ ನೀನು ಟೇಬಲ್ ಮೇಲಿಂದ ಏಳಲ್ಲಮ್ಮ."

ಆ ಶ್ವಾಸಕೋಶ ಬೇರೆ ಯಾರಿಗೋ ಹೋಯಿತು. ವಾಪಸು ಬರುವಾಗ ತಂಗಿ ಹಸಿವು ಎಂದಳು. ಹೊಸೂರು ರಸ್ತೆಯ ಒಂದು ದರ್ಶಿನಿಯಿಂದ ಕಾರಿಗೇ ಇಡ್ಲಿ ತಂದುಕೊಟ್ಟೆ. ಅರ್ಧ ತಿಂದು, ಅದು ಸಿಕ್ಕಿದವರಿಗೆ ಈಗ ಆಪರೇಷನ್ ನಡೀತಿರಬಹುದಾ ಅಕ್ಕಾ ಎಂದು ಕೇಳಿದಳು. ಇರಬಹುದು ಎಂದೆ. ಉಳಿದದ್ದನ್ನು ತಿನ್ನಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಎದೆಯ ಸೋಂಕು ರಕ್ತಕ್ಕೆ ಸೇರಿತು. ಜ್ವರ ಬಿಡುವವರೆಗೆ ಕಸಿ ಸಾಧ್ಯವಿಲ್ಲವೆಂದು ಅವಳ ಹೆಸರನ್ನು ತಡೆಹಿಡಿದರು. ಜ್ವರ ಬಿಡಲೇ ಇಲ್ಲ. ವೆಂಟಿಲೇಟರಿನಲ್ಲಿದ್ದವಳು ಒಂದು ಬೆಳಿಗ್ಗೆ ತೀರಿಕೊಂಡಳು.

ಐಸಿಯು ಬಾಗಿಲಲ್ಲಿ ಅವ್ವ ಡಾಕ್ಟರನ್ನು ನಿಲ್ಲಿಸಿ, ಮಗಳ ಕಣ್ಣನ್ನು ಯಾರಿಗಾದರೂ ಕೊಡಿ ಎಂದಳು. ರಕ್ತದಲ್ಲಿ ಸೋಂಕಿರುವುದರಿಂದ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಅವರು ಮೆಲ್ಲಗೆ ತಿಳಿಸಿದರು.

"ಕಣ್ಣಿಗೇನಾಗಿತ್ರಿ ಆಕಿಗೆ?" ಎಂದಳು ಅವ್ವ. "ಕನ್ನಡಕ ಸೈತ ಇರ್ಲಿಲ್ಲ."

ಡಾಕ್ಟರು ಒಳಗೆ ಹೋದರು. ನಾವು ಆಂಬುಲೆನ್ಸಿನಲ್ಲಿ ಊರಿನ ದಾರಿ ಹಿಡಿದೆವು. ತುಮಕೂರು ದಾಟಿದ ಮೇಲೆ ಅವ್ವ ಅಳತೊಡಗಿದಳು.