ಅರವತ್ತು ಎಣಿಸುವಷ್ಟರಲ್ಲಿ

ಕೋಲ್ಕತ್ತದಿಂದ ಗೋವಾಕ್ಕೆ ಸುಮಾರು ಸಾವಿರದ ಏಳುನೂರು ಕಿಲೋಮೀಟರು, ಮೂರು ತಾಸಿಗೂ ಕಡಿಮೆ ಪ್ರಯಾಣ. ಗೆಳತಿ ಕಳಿಸಿದ ನಕ್ಷೆಯಲ್ಲಿ ಅವಳ ವಿಮಾನದ ಗೆರೆ ನಮ್ಮ ಶಹಾಪುರದ ಮಗ್ಗುಲಲ್ಲೇ ಹಾದುಹೋಗಿತ್ತು. ನೋಡುತ್ತಲೇ ಅಜ್ಜಿ ನೆನಪಾದಳು.

ವಿಮಾನದ ಸದ್ದು ಕೇಳಿದರೆ ಅಜ್ಜಿ ರೊಟ್ಟಿ ಬಡಿಯುವುದನ್ನು ಬಿಟ್ಟು ಎಣಿಸತೊಡಗುತ್ತಿದ್ದಳು. ಅರವತ್ತಕ್ಕೆ ಅದು ತಲೆಯ ಮೇಲಿರುತ್ತಿತ್ತು. "ಎಲ್ಲಿಂದ ಎಲ್ಲಿಗಿ ಹೊಂಟದ ಇದು? ಎಷ್ಟೊತ್ತಿನ ಹಾದಿ?" ಎಂದು ಪ್ರತಿಸಲ ಕೇಳುತ್ತಿದ್ದಳು.

ನಾನಾಗ ವಿಮೋಚನೆಯ ದಿನಕ್ಕೆ ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳನ್ನೆಲ್ಲ ಓದಿ ಬೀಗುತ್ತಿದ್ದ ಹುಡುಗಿ. "ನಲವತ್ತೆಂಟರಾಗ ನಿಜಾಮನ ಆಳ್ವಿಕಿ ಮುಗಸಾಕ ಬಂದಿದ್ದು ಇಂಥವೇ ವಿಮಾನ, ಅಜ್ಜಿ. ಭಾರತ ಸೈನ್ಯದವು, ನಮ್ಮವು! ನೀ ಬರೇ ಅಂಜುಬುರ್ಕಿ," ಎಂದೆ ಒಂದು ಸಲ.

ಹಿಟ್ಟಿನ ಕೈಯಲ್ಲೇ ಅಜ್ಜಿ ಹೇಳಿದಳು: "ಆವಾಗ ನಿನ್ನಷ್ಟೇ ಇದ್ದೆ. ಸಪ್ಪಳ ಕೇಳಿ ತಂಗಿನ್ನ ಹಗೇವಿನ್ಯಾಗ ಇಳಿಸಿದೆ."

ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಮುಚ್ಚಿಟ್ಟಾಗ ಒಳಗೆ ಉಸಿರುಗಟ್ಟಿಸುವ ಕೆಟ್ಟ ಗಾಳಿ ತುಂಬಿರುತ್ತದೆ; ಬಾಯಿ ತೆರೆದ ಮೇಲೆ ಅರ್ಧ ದಿನ ಗಾಳಿಯಾಡಬೇಕು. ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು.

"ಅರವತ್ತು ಎಣಿಸೋದ್ರಾಗ ಕಂದೀಲು ಎಲ್ಲಿಂದ ತರ್ಲಿ? ವಿಮಾನ ಸುಮ್ನ ಹೋತು. ಅಕಿ ಜೀವಂತ ಮ್ಯಾಲ ಬರಲಿಲ್ಲ. ನಮ್ಮವು ಅಂತ ಈಗ ಕಾಗದದಾಗ ಬರದಾರ. ಅವತ್ತು ಯಾರರೆ ಬಂದು ಹೇಳಿದ್ರೇನು?"



ಈಗ ವಿಮೋಚನೆಯ ದಿನದ ಕರಪತ್ರ ಬರೆಯುವವಳು ನಾನೇ. ಈ ವರ್ಷ ಮೊದಲ ಸಾಲಿನಲ್ಲಿ ಅಜ್ಜಿಯ ತಂಗಿಯನ್ನು ಹಾಕಿದ್ದೇನೆ: ನೀಲವ್ವ, ಆರು ವರ್ಷ. ತೆಗೆಯಬೇಕೆನ್ನುವವರು ನನ್ನೆದುರು ನಿಂತು ಹೇಳಲಿ.